ಗೊಂಬೆ ಮೆಟ್ಟಿಲೇರಿದ ವಿಲನ್‌ಗಳು

ಆಗೆಲ್ಲ ನವರಾತ್ರಿ ಬಂತೆಂದರೆ ಚಾಮರಾಜಪೇಟೆಯ ನಮ್ಮ ಬೀದಿಯ ಮಕ್ಕಳು ರಾತ್ರಿ ಮನೆಯಲ್ಲಿ ಊಟ ಮಾಡಿದ್ದೇ ಕಡಿಮೆ. "ಗೊಂಬೆ ಕೂರಿಸಿದೀರಾ?" ಎಂದು ಮನೆಮನೆಗೂ ನುಗ್ಗಿ, ಕೊಟ್ಟ ಉಸಲಿ, ಕೊಬ್ಬರಿ ಮಿಠಾಯಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆವು. ನಿಮ್ಮಲ್ಲೂ ಹಾಗೆ ಅಲೆದವರು ಇದ್ದೇ ಇರುತ್ತೀರಿ. ನಾನು ಹೇಳುತ್ತಿರುವುದು ನನಗೆ ಎಂಟು, ಅಣ್ಣ ಶರತ್‌ಗೆ ಹನ್ನೆರಡು ಆಗಿದ್ದ ವರ್ಷದ ಹಬ್ಬದ ಮಾತು.

ಅಪ್ಪ, ಅಮ್ಮ ಬೇರೆಯಾಗಿದ್ದರು. ನಾವಿಬ್ಬರೂ ಅಮ್ಮನ ಜೊತೆ ಅಜ್ಜಿಯ ಮನೆಯಲ್ಲಿದ್ದೆವು. ಅಪ್ಪ ಓಕಳಿಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಅಣ್ಣನ ಪ್ರತಿ ಹುಟ್ಟುಹಬ್ಬಕ್ಕೂ ಬಂದು, ಕಾಮಿಕ್ಸ್‌ನ ಒಬ್ಬ ವಿಲನ್‌ನ ಗೊಂಬೆ ಕೊಟ್ಟು ಹೋಗುತ್ತಿದ್ದರು. ಗೇಣುದ್ದದ ಗೊಂಬೆ, ಮುಂದೆ ಪ್ಲಾಸ್ಟಿಕ್ ಕಿಟಕಿಯಿದ್ದ ಡಬ್ಬಿ. ಒಬ್ಬನಿಗೆ ಉಕ್ಕಿನ ದವಡೆ, ಇನ್ನೊಬ್ಬನ ಬೆನ್ನ ತುಂಬ ಕೊಳವೆ, ಮತ್ತೊಬ್ಬಳು ಚೇಳಿನ ಬಾಲದ ರಾಣಿ.

"ಹೀರೋನ ಯಾಕೆ ತರಲ್ಲ ಅಪ್ಪಾ?" ಎಂದು ಒಮ್ಮೆ ಕೇಳಿದ್ದೆ.

"ಹೀರೋನ ಎಲ್ರೂ ಮನೆಗ್ ಕರ್ಕೊಂಡ್ ಹೋಗ್ತಾರೆ ಕಣಮ್ಮಾ. ಪಾಪ, ಇವ್ರನ್ನ ಯಾರು ಕರೀತಾರೆ?" ಎಂದು ಅಪ್ಪ ನಕ್ಕಿದ್ದರು.

ಅಣ್ಣ ಒಂದು ಡಬ್ಬಿಯನ್ನೂ ಬಿಚ್ಚಿರಲಿಲ್ಲ. ಅಪ್ಪ ವಾಪಸ್ ಬಂದ ಮೇಲೆ ಇಬ್ಬರೂ ಕೂತು ಎಲ್ಲವನ್ನೂ ಒಟ್ಟಿಗೆ ಬಿಚ್ಚುವುದೆಂದು ಅವರಿಬ್ಬರಲ್ಲಿ ಮಾತಾಗಿತ್ತು. ಅದನ್ನವನು ನನಗೊಬ್ಬಳಿಗೇ ಹೇಳಿದ್ದ. "ಬಂದೇ ಬರ್ತಾರೆ, ನೋಡ್ತಿರು" ಎನ್ನುತ್ತಿದ್ದ. ಆ ವರ್ಷ ಅಮ್ಮನೂ ಮೊದಲ ಸಲ, "ನಿಮ್ಮಪ್ಪಂಗೆ ಗೊಂಬೆ ನೋಡೋಕೆ ಬರಕ್ಕೆ ಹೇಳು" ಎಂದುಬಿಟ್ಟಳು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಾಡ್ಯದ ಸಂಜೆ ನಾವಿಬ್ಬರೂ ಟ್ಯೂಷನ್ ಮುಗಿಸಿ ಬಂದರೆ, ಗೊಂಬೆ ಕೂರಿಸಿದ್ದ ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟರ ದಂಪತಿ ಗೊಂಬೆಗಳ ಪಕ್ಕ ವಿಲನ್‌ಗಳೆಲ್ಲ ಸಾಲಾಗಿ ನಿಂತಿದ್ದರು. ಹಬ್ಬದಲ್ಲಿ ಗೊಂಬೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟರೆ ಮನೆಗೆ ಆಗಿಬರುವುದಿಲ್ಲವೆಂದು ಅಜ್ಜಿಯ ನಂಬಿಕೆ. ಡಬ್ಬಿಗಳನ್ನು ಕತ್ತರಿಸಿ, ರಟ್ಟು ಮಡಚಿ, ಅಲುಗಾಡುತ್ತಿದ್ದ ಮೆಟ್ಟಿಲಿನ ಕಾಲಿಗೆ ಒತ್ತು ಕೊಟ್ಟಿದ್ದಳು.

"ಎಷ್ಟ್ ವರ್ಷದಿಂದ ಉಸಿರು ಕಟ್ಕೊಂಡಿದ್ವೋ ಪಾಪ! ನೋಡೋ ಪುಟ್ಟಾ, ಈ ಚೇಳಿನ ಹೆಣ್ಮಗಳಿಗೆ ಕುಂಕುಮಾನೂ ಇಟ್ಟಿದೀನಿ" ಎಂದಳು ಅಜ್ಜಿ, ಮೊಮ್ಮಗನಿಗೆ ಖುಷಿಯಾಗುತ್ತದೆಂದು ಕಾಯುತ್ತ.

ಅಣ್ಣ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ತುಂಬ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದು, "ಚೆನ್ನಾಗಿದೆ ಅಜ್ಜಿ" ಎಂದ. ನನಗಂತೂ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಸರಸ್ವತಿ ಪೂಜೆಯ ದಿನ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಅಜ್ಜಿ, ಅಮ್ಮ ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದರು. ಅಪ್ಪನ ಕಣ್ಣು ಮೇಲಿನಿಂದ ಇಳಿಯುತ್ತ ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತು.

"ಓಪನ್ ಮಾಡ್ಬಿಟ್ಯಾ?"

ಅಜ್ಜಿಯ ಹೆಸರು ನನ್ನ ಬಾಯಿಗೆ ಬಂದಿತ್ತು. ಅಣ್ಣ ನನ್ನ ತೋಳು ಚಿವುಟಿದ. "ಹೂಂ ಅಪ್ಪಾ. ಎಷ್ಟ್ ದಿನ ಅಂತ ಇಟ್ಕೊಳ್ಳೋದು" ಎಂದ.

"ಒಳ್ಳೇದ್ ಮಾಡ್ದೆ ಬಿಡು" ಎಂದು ಅಪ್ಪ ಅವನ ತಲೆ ಸವರಿದರು. ಎರಡು ತುತ್ತು ಉಸಲಿ ತಿಂದು, ಕೆಲಸವಿದೆ ಎಂದು ಎದ್ದರು. ಮಲ್ಲಿಗೆ ಕುರ್ಚಿಯ ಮೇಲೇ ಉಳಿಯಿತು. ಅಣ್ಣನ ಮುಂದಿನ ಹುಟ್ಟುಹಬ್ಬಕ್ಕೆ ಅಂಗಿ ತಂದರು. ತೋಳು ಗಿಡ್ಡವಾಗಿದ್ದರೂ ಅಣ್ಣ ಸರಿಯಾಗಿದೆ ಎಂದ.

ದೊಡ್ಡವರ ಸಂಸಾರ ನಾಲ್ಕು ರಟ್ಟಿನ ಡಬ್ಬಿಗಳ ಮೇಲೆ ನಿಂತಿರುವುದಿಲ್ಲವೆಂದು ಈಗ ನನಗೆ ಗೊತ್ತು. ಹನ್ನೆರಡರ ಅಣ್ಣನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ಆ ಡಬ್ಬಿಗಳ ವಿಷಯ ಏನೂ ತಿಳಿಯದೆಯೇ ಕಣ್ಣು ಮುಚ್ಚಿದಳು. ಅಷ್ಟು ಮಟ್ಟಿಗೆ ಅಣ್ಣ ಗೆದ್ದ. ಅಪ್ಪ ಈಗಲೂ ಫೋನ್ ಮಾಡುತ್ತಾರೆ, ಹಬ್ಬಕ್ಕೆ ಬರುತ್ತೇನೆ ಎನ್ನುತ್ತಾರೆ, ಕೆಲವೊಮ್ಮೆ ಬರುತ್ತಾರೆ ಕೂಡ. ಅಪ್ಪ ಬಂದ ಮೇಲೇ ಎಲೆ ಹಾಕೋಣವೆಂದು ನಾನೆಂದರೆ ಅಣ್ಣ, "ಬಂದಾಗ ಬಡಿಸಿದ್ರಾಯ್ತು" ಎಂದು ಊಟಕ್ಕೆ ಕೂರುತ್ತಾನೆ.