ಅಯಸ್ಕಾಂತ ಮತ್ತು ಅಕ್ಕನ ಬೆರಳು

ದೆವ್ವ, ಶಕುನ, ಕನಸು ನಿಜವಾಗುವುದು, ಇಂಥ ಮಾತು ಬಂದರೆ ಊಟಕ್ಕೆ ಕೂತಲ್ಲೇ ವಾದಕ್ಕೆ ಇಳಿಯುತ್ತಿದ್ದವನು ನಾನು. ಈಗ ಸುಮ್ಮನಿರುತ್ತೇನೆ. ನಂಬಿಕೆ ಬಂತೆಂದಲ್ಲ, ನಾಲಿಗೆ ಏಳುವುದಿಲ್ಲ.

ನನ್ನ ಅಕ್ಕ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಕುದಿಯುವ ನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕುವ ಕೆಲಸ. ವರ್ಷಗಟ್ಟಲೆ ಬೆಂದು ಅವಳ ಬೆರಳ ತುದಿಗಳಿಗೆ ಸ್ಪರ್ಶವೇ ಇರಲಿಲ್ಲ.

"ಬೆಳ್ಳು ಸತ್ತೋಗವೆ ಕಣ್ಲಾ, ಸುಟ್ರೂ ಗೊತ್ತಾಗಕಿಲ್ಲ. ಅದೇನೋ ಓದ್ತಿದ್ದೀಯಲ್ಲ, ಒಸಿ ಬದುಕ್ಸು," ಎನ್ನುತ್ತಿದ್ದಳು. ನಗುನಗುತ್ತಲೇ ಹೇಳಿದರೂ ಅವಳ ಆಸೆ ನಿಜವಾದದ್ದು.

ನಾನು ಓದುತ್ತಿದ್ದುದು ಅದನ್ನೇ. ಜೀವಕೋಶಗಳಿಗೆ 'ಬೆಳೆ' ಎಂದು ಹೇಳುವ ಪ್ರೋಟೀನುಗಳಿವೆ. ಅವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿಗೆ ಅಂಟಿಸಿ, ಹೊರಗಿನಿಂದ ಅಯಸ್ಕಾಂತ ಹಿಡಿದು ಬೇಕಾದ ಕಡೆಗೆ ಎಳೆದರೆ, ಕೋಶಗಳೂ ಅತ್ತಲೇ ಬೆಳೆಯುತ್ತವೆ. ಸುಟ್ಟ ಚರ್ಮವನ್ನು ಹೀಗೆ ಮತ್ತೆ ಬೆಳೆಸಬಹುದೆಂಬ ಹಂಬಲ ನಮ್ಮದು. ಬೆರಳಿನಲ್ಲಿ ಕೀವು ತುಂಬಿ ಆಪರೇಷನ್ ಆದಾಗ ಅಕ್ಕ ತಾನೇ ಒಪ್ಪಿ ಕೊಟ್ಟ ಚರ್ಮದ ಚೂರಿನ ಕೋಶಗಳು ನಮ್ಮ ಲ್ಯಾಬಿನ ಗಾಜಿನ ತಟ್ಟೆಯಲ್ಲಿದ್ದವು.

ಒಂದು ಮಧ್ಯಾಹ್ನ ಮೊದಲ ಸಲ ಆ ತಟ್ಟೆಗೆ ಅಯಸ್ಕಾಂತ ಹಿಡಿದೆ. ಕೈ ತೊಳೆಯುವಷ್ಟರಲ್ಲಿ ಅಕ್ಕನ ಫೋನು.

"ಲೇ, ಬೆಳ್ಳ ಯಾರೋ ಎಳ್ದಂಗಾಯ್ತೈತೆ. ಏನ್ಲಾ ಮಾಡ್ದೆ?"

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡೆ. ಆಮೇಲೆ ಅವಳಿಗೆ ತಿಳಿಸದೆ ಪರೀಕ್ಷಿಸಿದೆ. ಬೇರೆಯವರ ಕೋಶಗಳಿಗೆ ಹಿಡಿದರೆ ಫೋನಿಲ್ಲ. ಅವಳ ತಟ್ಟೆಗೆ ಹಿಡಿದ ದಿನ ಮಾತ್ರ ತಪ್ಪದೆ ಬರುತ್ತಿತ್ತು. ನನಗೆ ಭಯವಾಯಿತು. ನನ್ನ ಪಿಎಚ್.ಡಿ. ಗೈಡಿಗೆ ಹೇಳಲಿಲ್ಲ, ಹೇಳಿದ್ದರೆ ರಜೆ ಕೊಟ್ಟು ಊರಿಗೆ ಕಳಿಸುತ್ತಿದ್ದರು.

ಒಂದು ದಿನ ಅಕ್ಕ ಫೋನಿನಲ್ಲಿ ಕೂಗಾಡಿದಳು. "ಸುಡ್ತು ಕಣ್ಲಾ! ನೀರು ಸುಡ್ತು!" ಬೆರಳು ಸುಟ್ಟಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ನಾನೂ ಅತ್ತುಬಿಟ್ಟೆ.

ಆ ಬೇಸಿಗೆಯಲ್ಲೇ ಅಕ್ಕ ಹೃದಯಾಘಾತದಿಂದ ತೀರಿಹೋದಳು. ಮಣ್ಣು ಮಾಡಿ, ತಿಥಿ ಮುಗಿಸಿ ಲ್ಯಾಬಿಗೆ ಮರಳಿದರೆ ಅವಳ ಕೋಶಗಳು ಇನ್ನೂ ಬದುಕಿದ್ದವು. ಅರ್ಧಕ್ಕೆ ನಿಂತ ಪ್ರಯೋಗ ಮುಗಿಸು ಎಂದರು ಗೈಡ್. ಅಯಸ್ಕಾಂತ ಹಿಡಿದು, ಫೋನಿನ ಮೇಲೆ ಕಣ್ಣಿಟ್ಟು ಕೂತೆ. ಫೋನು ಬರಲಿಲ್ಲ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳು ಎಂದಿನಂತೆ ಅಯಸ್ಕಾಂತದತ್ತಲೇ ಚಾಚಿಕೊಂಡಿದ್ದವು.

ಎಲ್ಲವೂ ಕಾಕತಾಳೀಯ ಎಂದು ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವಳಿಗೆ ಈಗಲೂ ಬೆರಳು ಎಳೆದಂತಾಗುತ್ತಿದ್ದು, ನನಗೆ ಹೇಳಲು ಮಾತ್ರ ದಾರಿಯಿಲ್ಲದಿದ್ದರೆ? ಅಯಸ್ಕಾಂತ ತೆಗೆದುಬಿಟ್ಟೆ. ಮತ್ತೆಂದೂ ಹಿಡಿದಿಲ್ಲ.

ಇದಕ್ಕೆ ವಿವರಣೆ ನನ್ನಲ್ಲಿಲ್ಲ, ನಿಮಗೆ ತೋಚಿದರೆ ಹೇಳಿ. ಆ ಕೋಶಗಳನ್ನು ಎಸೆಯಲು ಮನಸ್ಸು ಬಾರದೆ ಫ್ರೀಜರಿನಲ್ಲಿಟ್ಟಿದ್ದೇನೆ. ಅಕ್ಕನಿಗೆ ಚಳಿಯಾಗುತ್ತಿರಬಹುದೇ ಎಂದು ಯೋಚಿಸದಿರಲು ನೋಡುತ್ತೇನೆ.