ಬಿಳಿ ಕಾರಿನ ಬಲಗಡೆ

ನಾನು ಬಸುರಿಯಾಗಿ ಐದನೆಯ ತಿಂಗಳು ನಡೆಯುತ್ತಿದ್ದಾಗ ನಾವು ದೋಹಾದಲ್ಲಿ ಒಂದು ಹಳೆಯ ಕಾರು ಕೊಂಡೆವು. ಕೊಂಡೆವು ಎಂದರೆ ನನ್ನ ಗಂಡ ಕೊಂಡರು. ನನ್ನನ್ನು ಕೇಳಿದ್ದು ಬಣ್ಣವೊಂದನ್ನೇ, ಇದ್ದದ್ದು ಬಿಳಿಯೊಂದೇ ಆದ್ದರಿಂದ ನನ್ನ ಉತ್ತರಕ್ಕೂ ಕಾಯಲಿಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅಲ್ ಹಿಲಾಲಿನ ನಮ್ಮ ಫ್ಲ್ಯಾಟಿನ ಕೆಳಗೆ ಬೇಕೆಂದಾಗ ಟ್ಯಾಕ್ಸಿ ಸಿಗುತ್ತಿರಲಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋಗಲು ಮನೆಯಲ್ಲಿ ಸ್ವಂತ ಕಾರಿರಬೇಕು ಎಂದು ಇವರು ಹಟ ಹಿಡಿದರು.

ಮಾರಿದವರು ನಮ್ಮ ಊರಿನ ಕಡೆಯವರೇ. ದೋಹಾದ ಅಂಚಿನ ಮುಐದರಿನಲ್ಲಿ ದೊಡ್ಡ ವಿಲ್ಲಾ, ಊರಿನವರ ಸಂಘದಲ್ಲಿ ದೊಡ್ಡ ಕುರ್ಚಿ. ಎಲ್ಲರಿಗೂ ಅವರು ಅಣ್ಣ, ಅವರ ಹೆಂಡತಿ ಅತ್ತಿಗೆ. ಇವರಿಗೆ ಕತಾರಿನಲ್ಲಿ ಕೆಲಸ ಸಿಕ್ಕಿದ್ದೇ ಅಣ್ಣ ಯಾರಿಗೋ ಫೋನ್ ಮಾಡಿದ್ದರಿಂದ. ಹಾಗಾಗಿ ಅಣ್ಣ ಸೀನಿದರೂ ಇವರು ಎದ್ದು ನಿಲ್ಲುತ್ತಿದ್ದರು.

"ಒಮ್ಮೆ ಗ್ಯಾರೇಜಿಗೆ ತೋರಿಸಿ ತೆಗೊಳ್ಳುವ" ಎಂದು ನಾನು ಹೇಳಿದ್ದೆ.

"ಅಣ್ಣನ ಕಾರನ್ನಾ?" ಇವರ ಮುಖ ನೋಡಬೇಕಿತ್ತು. ನಾನು ಅಣ್ಣನನ್ನೇ ಬಿಚ್ಚಿ ನೋಡಲು ಹೇಳಿದೆನೋ ಎಂಬಂತಿತ್ತು. "ಎಂತ ಗ್ರಹಿಸಿಯಾರು ಅವರು? ನಮ್ಮವರ ಹತ್ರ ಅಷ್ಟೂ ನಂಬಿಕೆ ಇಲ್ವಾ ಅಂತ ಕೇಳಿದ್ರೆ ನಾನು ಮುಖ ಎಲ್ಲಿಡ್ಲಿ?"

ಕೊನೆಗೆ ಇವರು ಪರೀಕ್ಷೆ ಮಾಡಿದ್ದು ಎಸಿ, ಹಾರ್ನು ಮತ್ತು ಸಿಡಿ ಪ್ಲೇಯರು. ಮೂರೂ ಪಾಸಾದವು.

ಕಾರು ಮನೆಗೆ ಬಂದ ವಾರದಲ್ಲೇ ಅದರ ಸ್ವಭಾವ ತಿಳಿಯಿತು. ಅದಕ್ಕೆ ಬಲಕ್ಕೆ ಹೋಗುವುದೆಂದರೆ ಪ್ರಾಣ. ಕತಾರಿನಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೇರಿಂಗು ಎಡಕ್ಕಿರುತ್ತದೆ. ಆ ದಿನಗಳಲ್ಲಿ ದೋಹಾ ತುಂಬ ರೌಂಡಬೌಟುಗಳು. ಬೇರೆ ಕಾರುಗಳು ಅವುಗಳಲ್ಲಿ ಸುತ್ತು ಹಾಕಿ ತಮಗೆ ಬೇಕಾದ ದಾರಿ ಹಿಡಿಯುತ್ತಿದ್ದವು. ನಮ್ಮದು ಒಳಹೊಕ್ಕ ಕೂಡಲೇ ಮೊದಲ ದಾರಿಯಲ್ಲೇ ಹೊರಗೆ ಎಳೆಯುತ್ತಿತ್ತು. ಹೀಗೆ ನಾವು ತರಕಾರಿ ತರಲು ಹೊರಟು ಪರಿಚಯವೇ ಇಲ್ಲದ ಎಷ್ಟೋ ಬಡಾವಣೆಗಳನ್ನು ನೋಡಿ ಬಂದೆವು. ಒಂದು ಶುಕ್ರವಾರ ಯಾರದೋ ಮದುವೆಯ ಡೇರೆಯ ಮುಂದೆಯೇ ಹೋಗಿ ನಿಂತೆವು. ಅವರು ನಮ್ಮನ್ನು ಅತಿಥಿಗಳೆಂದೇ ತಿಳಿದು ಒಳಗೆ ಕರೆದರು, ಇವರು ಇಳಿಯಲೂ ಹೊರಟಿದ್ದರು.

ನಾನು ಕೂರುವ ಬಲಬದಿಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಇವರು ಇಳಿದು, ಕಾರನ್ನು ಸುತ್ತಿ ಓಡಿಬಂದು, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು ತೆರೆಯಬೇಕು. ಮೇಲಿನ ಮನೆಯ ಮಲಯಾಳಿ ಹೆಂಗಸು ಬಾಲ್ಕನಿಯಿಂದ ಇದನ್ನು ದಿನವೂ ನೋಡಿ, ಹೆಂಡತಿಗೆ ಬಾಗಿಲು ತೆರೆಯುವ ಗಂಡನೆಂದರೆ ಹೀಗಿರಬೇಕೆಂದು ತನ್ನ ಗಂಡನಿಗೆ ಛೀಮಾರಿ ಹಾಕುತ್ತಿದ್ದಳಂತೆ. ಆ ಬಡಪಾಯಿ ನಮ್ಮವರನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದ.

ನಗುವುದೇನೋ ಈಗ ನಗುತ್ತೇನೆ. ಆಗ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಹೆರಿಗೆ ನೋವು ಬಂದಾಗ ಇದೇ ಕಾರು, ಇದೇ ಬಾಗಿಲು. ದಾರಿಯಲ್ಲಿ ಏನಾದರೂ ಆದರೆ ನಾನು ಮತ್ತು ನನ್ನ ಹೊಟ್ಟೆ ಒಳಗೆ, ಲೋಕವೆಲ್ಲ ಹೊರಗೆ. ಮಗು ಹುಟ್ಟುವ ಮೊದಲು ಈ ಕಾರು ನಮ್ಮ ಮನೆಯಿಂದ ಹೋಗಬೇಕು ಎಂದು ನಾನು ನಿಶ್ಚಯ ಮಾಡಿಕೊಂಡೆ.

ಗುಟ್ಟು ರಟ್ಟಾದದ್ದು ಇವರ ಉತ್ಸಾಹದಿಂದಲೇ. ಕಾರಿನಲ್ಲಿ ಮಗುವಿದೆ ಎಂದು ಬರೆದ ಒಂದು ಹಳದಿ ಫಲಕ ತಂದರು, ಹಿಂದೆ ಅಯಸ್ಕಾಂತ ಇದ್ದದ್ದು. ಮಗು ಹುಟ್ಟಲು ಇನ್ನೂ ತಿಂಗಳುಗಳಿದ್ದವು, ಆದರೂ ತಂದರು. ಡಿಕ್ಕಿಯ ಬಲಗಡೆ ಅಂಟಿಸಿದರೆ ಬಿತ್ತು. ಮತ್ತೆ ಅಂಟಿಸಿದರು, ಮತ್ತೆ ಬಿತ್ತು. ಅಂಗಡಿಯವನನ್ನು ಬೈದು ಇನ್ನೊಂದು ತಂದರು, ಅದೂ ಬಿತ್ತು. ನನಗೆ ರೇಗಿಹೋಯಿತು. ಮನೆಯೊಳಗೆ ಹೋಗಿ ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತಗಳನ್ನೆಲ್ಲ ಸೆರಗಿಗೆ ಹಾಕಿಕೊಂಡು ಬಂದೆ: ಗಣಪತಿ, ಬಾಳೆಗೊನೆ, ಪಿಜ್ಜಾ ಅಂಗಡಿಯ ಫೋನ್ ನಂಬರು. ಕಾರಿನ ಎಡಗಡೆ ಎಲ್ಲವೂ ಟಕಟಕ ಅಂಟಿದವು. ಬಲಗಡೆ ಗಣಪತಿಯೂ ನಿಲ್ಲಲಿಲ್ಲ.

ಮರುದಿನ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನವನು ಕೆಳಗೆ ತೂರಿ ನೋಡಿ ಎದ್ದು ಬಂದ. ಬಲಗಡೆಗೆ ದೊಡ್ಡ ಪೆಟ್ಟು ಬಿದ್ದಿದೆ, ತಗಡು ಬಡಿದು ಟಿಂಕರಿಂಗ್ ಮಾಡಿ, ಮೇಲೆ ಗಾರೆಯಂಥ ಪುಟ್ಟಿಯನ್ನು ಬೆರಳು ದಪ್ಪ ಮೆತ್ತಿ ಬಣ್ಣ ಹೊಡೆದಿದ್ದಾರೆ, ಅಡಿಯ ಚೌಕಟ್ಟೇ ಬಾಗಿದೆ ಎಂದು ಹಿಂದಿಯಲ್ಲಿ ಹೇಳಿದ. ನಾವು ಓಡಿಸುತ್ತಿದ್ದದ್ದು ಅರ್ಧ ಕಾರು, ಅರ್ಧ ಗೋಡೆ.

ಇವರ ಆಫೀಸಿನ ಈಜಿಪ್ಟಿನ ಅಕೌಂಟೆಂಟ್ ಕೇಳಿ ಕುರ್ಚಿಯಿಂದ ಎದ್ದನಂತೆ. ಅಪಘಾತ ಆದದ್ದನ್ನು ಮುಚ್ಚಿಟ್ಟು ಮಾರುವುದು ಮೋಸ, ಕೊಂಡವನಿಗೆ ಕೇಳುವ ಹಕ್ಕಿದೆ, ದೂರು ಕೊಡಲು ಸರ್ಕಾರದ ಕಚೇರಿಯಿದೆ, ಯಲ್ಲಾ, ಈಗಲೇ ಹೋಗೋಣ ಎಂದನಂತೆ. ಇವರು ಬೆವರಿ ಮನೆಗೆ ಬಂದರು.

"ಅಣ್ಣನ ಮೇಲೆ ಸರ್ಕಾರಕ್ಕೆ ದೂರು ಕೊಡುವುದಾ? ನಾಳೆ ಸಂಘದಲ್ಲಿ ನಮ್ಮನ್ನು ಯಾರು ಮಾತಾಡಿಸ್ತಾರೆ?"

"ಹಾಗಾದ್ರೆ ಮನೆಗೇ ಹೋಗಿ ಕೇಳುವ" ಎಂದೆ.

ಹೋದೆವು. ಆದರೆ ಬಾಗಿಲು ತೆರೆದದ್ದು ಅತ್ತಿಗೆ. ಬಸುರಿ ಹೆಂಗಸು ಮನೆಗೆ ಬಂದರೆ ಬಡಿಸದೆ ಬಿಡುವ ಜನ ನಮ್ಮವರಲ್ಲ, ಅತ್ತಿಗೆಯಂತೂ ಅಲ್ಲವೇ ಅಲ್ಲ. ಮೊದಲ ಸಲ ಕೋಳಿಸಾರಿನ ಕೋರಿ ರೊಟ್ಟಿ. ಎರಡನೆಯ ಸಲ ನೀರ್ ದೋಸೆಗೆ ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ. ಮತ್ತೊಂದು ಸಲ ಪತ್ರೊಡೆ! ಎಸಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಡ್ರಮ್ಮಿನಲ್ಲಿ ಕೆಸುವು ಬೆಳೆಸಿ, ಅದರ ಎಲೆ ಕೊಯ್ದು ನನಗಾಗಿ ಮಾಡಿದ್ದರು. ಅಮ್ಮ ಊರಿನಲ್ಲಿದ್ದಳು, ನನಗೆ ಯಾರೂ ಹಾಗೆ ಮಾಡಿ ಹಾಕಿರಲಿಲ್ಲ. ಅಣ್ಣ "ಕಾರು ಹೇಗುಂಟು?" ಎಂದು ಕೇಳುವ ಹೊತ್ತಿಗೆ ಸರಿಯಾಗಿ ನನ್ನ ಬಾಯಿ ತುಂಬಿರುತ್ತಿತ್ತು.

"ಒಳ್ಳೆದುಂಟು ಅಣ್ಣ" ಎನ್ನುತ್ತಿದ್ದರು ಇವರು.

ಮನೆಗೆ ಮರಳುವಾಗ ನಾನು ಇವರನ್ನು ಬೈಯುತ್ತಿದ್ದೆ, ಕಾರು ಬಲಕ್ಕೆ ಎಳೆಯುತ್ತಿತ್ತು, ಇವರು ಎರಡನ್ನೂ ಸಂಭಾಳಿಸುತ್ತಿದ್ದರು.

ಏಳನೆಯ ತಿಂಗಳಲ್ಲಿ ಅತ್ತಿಗೆಯೇ ಮುಂದೆ ನಿಂತು ತಮ್ಮ ವಿಲ್ಲಾದಲ್ಲಿ ನನ್ನ ಬಯಕೆಯ ಊಟ ಇಟ್ಟರು. ನಮ್ಮ ಕಡೆ ಇದು ದೊಡ್ಡ ಸಂಭ್ರಮ. ಬಸುರಿಗೆ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಲ್ಲಿಗೆ ಮುಡಿಸಿ, ಬಾಳೆಲೆಯ ತುಂಬ ಬಡಿಸಿ ಅವಳ ಆಸೆ ತೀರಿಸುವುದು. ಸಂಘದ ಸಂಸಾರಗಳೆಲ್ಲ ಬಂದಿದ್ದವು. ಹಾಲಿನ ಒಂದು ಬದಿ ಗಂಡಸರು, ಇನ್ನೊಂದು ಬದಿ ಹೆಂಗಸರು, ನಡುವೆ ನಾನು ಸಿಂಗಾರದ ಸಮೇತ.

ಆರತಿ ಆಗಿ ಊಟಕ್ಕೆ ಎಲೆ ಹಾಕಿದ ಮೇಲೆ ಅತ್ತಿಗೆ ನನ್ನ ಗಲ್ಲ ಹಿಡಿದರು. "ಹೇಳು ಮಗಾ, ಇನ್ನೆಂತ ಆಸೆ ಉಂಟು? ಬಾಯಿ ಬಿಟ್ಟು ಕೇಳು. ಇವತ್ತು ನೀನು ಕೇಳಿದ್ದಕ್ಕೆ ಇಲ್ಲ ಹೇಳ್ಲಿಕ್ಕಿಲ್ಲ."

ಗಂಡಸರ ಕಡೆಯಿಂದ ಅಣ್ಣನ ಗಂಟಲು ಕೇಳಿತು. "ಕೇಳು, ಕೇಳು! ಬೇಕಾದ್ರೆ ಊರಿಂದ ವಿಮಾನದಲ್ಲಿ ತರಿಸುವ!"

ಎಲ್ಲರೂ ನಕ್ಕರು. ಆ ದಿನ ನನ್ನ ಬಾಯಿಗೆ ಇನ್ನೂ ಒಂದು ತುತ್ತೂ ಬಿದ್ದಿರಲಿಲ್ಲ.

"ಕೇಳ್ಲಾ?"

"ಕೇಳು ಮಗಾ."

"ಆ ಬಿಳಿ ಕಾರನ್ನು ನೀವು ವಾಪಸ್ ತೆಗೊಳ್ಬೇಕು."

ಗಂಡಸರ ಸಾಲಿಗೆ ಸಾರು ಬಡಿಸುತ್ತಿದ್ದವರು ಸೌಟು ಎತ್ತಿದಂತೆಯೇ ನಿಂತರು. ನನ್ನ ಗಂಡ ಬಾಳೆಲೆಯ ಕೆಳಗೆ ಜಾಗ ಇದೆಯೋ ಎಂಬಂತೆ ಎಲೆಯನ್ನೇ ನೋಡತೊಡಗಿದರು.

"ಕುಶಾಲು ಮಾಡ್ತಾಳೆ" ಎಂದು ತಮಾಷೆಗೆ ತಿರುಗಿಸಿದರು ಅಣ್ಣ.

"ಕುಶಾಲು ಅಲ್ಲ ಅಣ್ಣ." ಅಲ್ಲಿಂದ ನನ್ನ ಬಾಯಿಗೆ ಬ್ರೇಕು ಬೀಳಲಿಲ್ಲ. ಬಲಗಡೆಯ ಪುಟ್ಟಿ, ಬಾಗಿದ ಚೌಕಟ್ಟು, ತೆರೆಯದ ಬಾಗಿಲು, ಜಾರಿಬಿದ್ದ ಗಣಪತಿ, ಎಲ್ಲ ಹೇಳಿದೆ. ಸಿಟ್ಟಿನಲ್ಲಿ ಅಳುವೂ ಬಂತು, ಅಳುವಿನಲ್ಲಿ ಬಿಕ್ಕಳಿಕೆಯೂ ಬಂತು. ಬಿಕ್ಕಳಿಕೆಗೆ ಯಾರೋ ನೀರು ಕೊಟ್ಟರು, ಕುಡಿದು ಮತ್ತೆ ಹೇಳಿದೆ.

ಅಣ್ಣ ಸಂಘದ ಸಭೆಯಲ್ಲಿ ಎದ್ದಂತೆ ಎದ್ದು ನಿಂತರು. "ಬಯಕೆ ಅಂದ್ರೆ ತಿನ್ನುವಂಥದ್ದು ಮಾರಾಯ್ತಿ. ಕಾರು ತಿನ್ಲಿಕ್ಕೆ ಆಗ್ತದಾ?"

ವಾದ ಗಟ್ಟಿಯಾಗಿಯೇ ಇತ್ತು. ಗಂಡಸರು ತಲೆಯಾಡಿಸಿದರು. ಆಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, ಯಾರದೋ ತಾಯಿ, ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರು, ಬಾಯಿ ತೆರೆದರು. "ತಿನ್ನುವಂಥದ್ದೇ ಆಗ್ಬೇಕು ಅಂತ ಯಾವ ಶಾಸ್ತ್ರದಲ್ಲುಂಟು? ಬಸುರಿ ಕೇಳಿದ್ದು ಕೊಡ್ಬೇಕು. ಕೊಡದಿದ್ರೆ ಮಗುವಿನ ಕಿವಿ ಸೋರ್ತದೆ."

ಅಷ್ಟೇ ಸಾಕಾಯಿತು. ಹೆಂಗಸರ ಸಾಲಿನಲ್ಲಿ ಕಿವಿ ಸೋರಿದ ಮಕ್ಕಳ ಕತೆಗಳು ಒಂದರ ಹಿಂದೊಂದು ಎದ್ದವು. ಒಬ್ಬರ ತಂಗಿಗೆ ಹಲಸಿನಹಣ್ಣು ಕೊಡಿಸದೆ ಅವಳ ಮಗನ ಎರಡೂ ಕಿವಿ ಸೋರಿತ್ತಂತೆ. ಕಾರಿಗೆ ಎಷ್ಟು ಸೋರಬಹುದು ಎಂದು ಇನ್ನೊಬ್ಬರು ಚಿಂತೆಗೆ ಬಿದ್ದರು. ನನಗೆ ಅದರಲ್ಲಿ ಒಂದಿಷ್ಟೂ ನಂಬಿಕೆ ಇರಲಿಲ್ಲ, ಆದರೆ ಸಿಕ್ಕಿದ ವಕೀಲರನ್ನು ಬೇಡ ಎನ್ನುವಷ್ಟು ದಡ್ಡಿ ನಾನಲ್ಲ.

ಅತ್ತಿಗೆ ಮಾತ್ರ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವರು ಅಣ್ಣನನ್ನೇ ನೋಡುತ್ತಿದ್ದರು. "ನಾನು ಕಾರನ್ನು ಕಂಬಕ್ಕೆ ಗುದ್ದಿದ್ದು ನೀವು ಇವರಿಗೆ ಹೇಳಿರ್ಲಿಲ್ವಾ? ಹೇಳಿಯೇ ಕೊಟ್ಟದ್ದು ಅಂದ್ರಲ್ಲ ನನ್ನ ಹತ್ರ."

"ಅದು... ನಾಲ್ಕು ಜನರಿಗೆ ಗೊತ್ತಾದ್ರೆ ನಿನ್ನ ಮರ್ಯಾದೆ..."

"ನನ್ನ ಮರ್ಯಾದೆ ಹಾಳಾಗಿ ಹೋಗ್ಲಿ. ಈ ಹುಡುಗಿ ಹೊಟ್ಟೆ ಹೊತ್ಕೊಂಡು ಆ ಬದಿಯಲ್ಲೇ ಅಲ್ವಾ ಕೂತು ಬರುವುದು?"

ಅವರು ನೇರವಾಗಿ ಇವರ ಎದುರು ಹೋಗಿ ಕೈ ಚಾಚಿದರು. "ಕೀ ಕೊಡು." ಇವರು ಊಟದ ಕೈಯಲ್ಲೇ ಜೇಬು ತಡಕಾಡಿ, ಕದ್ದ ಮಾಲು ಒಪ್ಪಿಸುವವರ ಹಾಗೆ ಕೀ ಕೊಟ್ಟರು. ಅತ್ತಿಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಎಲೆಗೆ ಪಾಯಸ ಬಡಿಸಿದರು. ನಾಳೆಯೇ ದುಡ್ಡು, ಕಾಗದಪತ್ರ ಎಲ್ಲ ಸರಿಮಾಡುವುದೆಂದು ಅಣ್ಣ ಯಾರ ಮುಖವನ್ನೂ ನೋಡದೆ ಹೇಳಿದರು.

ನಮಗೆ ಮನೆಗೆ ಹೋಗಲು ಕಾರಿರಲಿಲ್ಲ. ಅತ್ತಿಗೆ ಕಣ್ಣು ಕೆಕ್ಕರಿಸಿದ್ದರಿಂದ ಅಣ್ಣನೇ ತಮ್ಮ ದೊಡ್ಡ ಗಾಡಿಯಲ್ಲಿ ನಮ್ಮನ್ನು ಬಿಡಲು ಹೊರಟರು. ಹೊಟ್ಟೆಗೆ ಜಾಗ ಬೇಕೆಂದು ನನ್ನನ್ನು ಮುಂದೆ ಕೂರಿಸಿದರು, ಇವರು ಹಿಂದೆ. ಮುಐದರಿನಿಂದ ಅಲ್ ಹಿಲಾಲಿನವರೆಗೆ ಗಾಡಿ ಪ್ರತಿ ರೌಂಡಬೌಟನ್ನೂ ಹೇಳಿದಂತೆ ಕೇಳಿ ದಾಟಿತು.

ನಮ್ಮ ಬಿಲ್ಡಿಂಗಿನ ಕೆಳಗೆ ಗಾಡಿ ನಿಲ್ಲಿಸಿ ಅಣ್ಣ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕುಳಿತರು.

"ನೀವು ಕೇಳ್ಲೇ ಇಲ್ಲ ಅಲ್ವಾ ಮಾರಾಯ್ರೆ? ಪೆಟ್ಟಾಗಿದೆಯಾ ಅಂತ ಒಂದು ಮಾತು ಕೇಳಿದ್ರೆ ನಾನು ಸುಳ್ಳು ಹೇಳ್ತಿದ್ನಾ?"

ನಾನು ಬಾಯಿ ತೆರೆದೆ. ಉತ್ತರ ಖಾರವಾಗಿಯೇ ಸಿದ್ಧವಿತ್ತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸ್ವರ ಬಂತು.

"ಕೇಳದಿದ್ರೂ ಹೇಳ್ಬೇಕಿತ್ತು ಅಣ್ಣ."

ನನ್ನ ಗಂಡನ ಸ್ವರವೇ. ತಿರುಗಿ ಮುಖ ನೋಡಬೇಕೆಂದರೆ ಹೊಟ್ಟೆ ಬಿಡಲಿಲ್ಲ. ಅಣ್ಣ ಮೇಲಿನ ಕನ್ನಡಿಯಲ್ಲಿ ಇವರನ್ನು ನೋಡಿದರು.

"ಹೇಳ್ಬೇಕಿತ್ತು" ಎಂದರು ಕೊನೆಗೆ. "ತಪ್ಪಾಯ್ತು."

ಗಾಡಿ ಹೋದ ಮೇಲೆ ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಅಣ್ಣನಿಗೆ ಎದುರಾಡಿದ ಸುಸ್ತಿಗೆ ಇವರು ಎರಡೆರಡು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ನಿಂತರು. ಅಷ್ಟು ವರ್ಷದಲ್ಲಿ ಇವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದೇ ಇಲ್ಲ. ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಬಿಟ್ಟು, ತೋಳು ಹಿಡಿದು, ನಾನೇ ಇವರನ್ನು ಮೇಲೆ ಹತ್ತಿಸಿದೆ.