ಮಿಡಿಗೇಶಿಯಲ್ಲಿ ನಿಂತ ಹುಳುಗಳು

ಭುವನಾಳ ತಲೆಯನ್ನು ನಾಲ್ಕು ದಿನದಿಂದ ಒಂದೇ ಚಿಂತೆ ಕೊರೆಯುತ್ತಿತ್ತು: ಸೋಮವಾರ ಮಗಳು ಸ್ಕೂಲಿಗೆ ಹೋಗುತ್ತಾಳೋ ಇಲ್ಲವೋ?

ನಾಲ್ಕು ವರ್ಷದ ಸಂಘಮಿತ್ರಾ ನೆಲಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದಳು. ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಅಪ್ಪನ ಹೆಗಲಿಗೆ. ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕು. ಮೊದಲ ಸಲ ಸ್ಕೂಲಿಗೆ ಹೊರಟ ಮಗು ಹೀಗಾದರೆ? ಬೆಂಗಳೂರಲ್ಲಿ ಓದಿ ಬೆಳೆದ ಭುವನಾ ಮಕ್ಕಳ ಭಯದ ಬಗ್ಗೆ ಮೊಬೈಲಿನಲ್ಲಿ ಹನ್ನೊಂದು ಲೇಖನ ಓದಿ, ಮಗಳಿಗಿಂತ ಹೆಚ್ಚು ಹೆದರಿಕೊಂಡಿದ್ದಳು. ಕೊಡಿಗೇನಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ಗಂಡ ಅರುಣ್ ಕುಮಾರ್, "ಸರಿಹೋಗುತ್ತೆ ಬಿಡೇ" ಎನ್ನುತ್ತಲೇ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಚಿಕ್ಕರಂಗಯ್ಯ. ಎಪ್ಪತ್ತು ದಾಟಿದ ಈ ತಾತ ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನ ಆಪರೇಟರು. ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಟೆಂಟು ಎದ್ದರೂ ಅಲ್ಲಿ ಇವರು. ಇಂಗ್ಲಿಷ್ ಸಿನಿಮಾ ಬಂದರೆ ಮೈಕು ಹಿಡಿದು ಜನಕ್ಕೆ ಕನ್ನಡದಲ್ಲಿ ಕಥೆ ಹೇಳುವ ಕೆಲಸವೂ ಇವರದೇ. ಇಂಗ್ಲಿಷ್ ಅವರಿಗೂ ಬರುತ್ತಿರಲಿಲ್ಲ. ಅದು ಎಂದೂ ಅಡ್ಡಿಯಾಗಲಿಲ್ಲ. ಟೆಂಟು ಮಡಚಿದಾಗ ಹುಳುಗಳ ಒಂದು ಕಪ್ಪು-ಬಿಳುಪು ಸಿನಿಮಾ ಅವರ ಬಳಿಯೇ ಉಳಿಯಿತು. ಎತ್ತಿನಗಾಡಿ ಗಾತ್ರದ ಹುಳುಗಳು ಊರೂರನ್ನೇ ನುಂಗುವ ಕಥೆ. ಹುಳುಗಳನ್ನು ಎಳೆಯುವ ದಾರ ಕಾಣುತ್ತದೆ; ಒಂದು ಹುಳದೊಳಗಿನ ಮನುಷ್ಯನ ಬೂಟೂ ಕಾಣುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದ ತಾತ, ಹೋದ ಭಾನುವಾರ ಮಿತ್ರಾಳನ್ನು ತಮ್ಮ ಟಿವಿ ಮುಂದೆ ಕೂರಿಸಿ, ಸ್ಟೀಲ್ ಲೋಟವನ್ನೇ ಮೈಕಿನಂತೆ ಬಾಯಿಗಿಟ್ಟು ಶುರುಮಾಡಿದ್ದರು.

"ನೋಡವ್ವಾ, ಪಾವಗಡದ ಬೆಟ್ಟದಿಂದ ಇಳುದ್ವು! ವೈ.ಎನ್.ಹೊಸಕೋಟೆ ಕಡ್ಲೇಕಾಯೆಲ್ಲ ಗುಳುಂ! ಇಕಾ, ನಮ್ ಪಕ್ಕದ ಮಿಡಿಗೇಶಿಗೂ ಬಂದ್ಬುಟ್ವು! ಮುಂದೆ ಯಾವೂರು?"

"ನಮ್ಮೂರು!" ಎಂದು ಮಿತ್ರಾ ಕಿರುಚಿದ್ದು ಕೇಳಿ ಓಡಿಬಂದ ಭುವನಾ ಟಿವಿಯ ಪ್ಲಗ್ಗನ್ನೇ ಕಿತ್ತಿದ್ದಳು. "ಇಷ್ಟು ವಯಸ್ಸಾಗಿದೆ, ಅಷ್ಟೂ ತಿಳಿಯಲ್ವಾ ನಿಮಗೆ?"

ತಾತ ಲೋಟ ಕೆಳಗಿಟ್ಟರು. ಮಾರನೆಯ ದಿನ ಬಿತ್ತನೆಯ ನೆಪ ಹೇಳಿ ವೈ.ಎನ್.ಹೊಸಕೋಟೆಯ ಮಗಳ ಮನೆಗೆ ಹೊರಟುಹೋದರು.

ಗುರುವಾರ ಸಂಜೆ ಅವರ ಹೆಂಡತಿ ಸರಸಮ್ಮ ನುಗ್ಗೆಸೊಪ್ಪು ಕೊಡಲು ಬಂದರು. ಮಿತ್ರಾ ಕುರ್ಚಿಯ ಮೇಲಿಂದಲೇ ಕೇಳಿದಳು: "ಅಜ್ಜಿ, ಹುಳ ಮಿಡಿಗೇಶಿಯಿಂದ ಹೊರಟಿದ್ವಲ್ಲ, ಈಗ ಎಲ್ಲಿದಾವೆ?"

ಸರಸಮ್ಮ ಗಲ್ಲದ ಮೇಲೆ ಕೈಯಿಟ್ಟರು. "ಅಯ್ಯೋ ನನ್ನವ್ವ! ಭುವನಾ, ಮಗು ಸಿನಿಮಾ ನೋಡಿ ಹೆದ್ರಿಲ್ಲ ಕಣಮ್ಮ. ನೀನು ಅರ್ಧಕ್ಕೇ ನಿಲ್ಲಿಸ್ಬುಟ್ಟೆ. ಹುಳ ಸತ್ತಿಲ್ಲ, ಇನ್ನೂ ಬತ್ತಾನೇ ಅವೆ."

ಭುವನಾಳಿಗೆ ಆ ಹನ್ನೊಂದು ಲೇಖನಗಳ ಮೇಲೂ ಒಟ್ಟಿಗೇ ಸಿಟ್ಟು ಬಂತು. "ಹಾಗಾದ್ರೆ ಪೆನ್‌ಡ್ರೈವ್ ಕೊಡಿ, ಕೊನೆ ತೋರಿಸಿಬಿಡ್ತೀನಿ."

"ಕೊನೆ ಎಲ್ಲೈತೆ? ಕೊನೇ ರೀಲು ಮೊದ್ಲಿಂದ್ಲೂ ಇಲ್ಲ. ನಮ್ಮೆಜಮಾನ್ರು ಹುಳಾನ ಬಾಯಲ್ಲೇ ಸಾಯಿಸ್ತಿದ್ರು." ಸರಸಮ್ಮ ಹೊಸಿಲ ಮೇಲೆ ಕೂತೇಬಿಟ್ಟರು. "ಒಂದ್ಸಲ ಹೊಸಕೋಟೇಲಿ ಮೊದಲ್ನೇ ಮಳೆ ಬಿದ್ದ ಸಂಜೆ. ಈ ಕಡ್ಲೇಕಾಯಿ ಬೆಳೆ ತಿನ್ನೋ ಕಂಬಳಿಹುಳದ ಮೊಟ್ಟೆ ಇಡೋ ಚಿಟ್ಟೆ ಇರ್ತಾವಲ್ಲ, ಬೆಳಕು ಕಂಡು ಪರದೆಗೆಲ್ಲ ಮುತ್ಕಂಡ್ವು. ಚಿಟ್ಟೆ ಸಾಯ್ಲಿ ಅಂತ ರೈತ್ರು ವರ್ಸಾ ವರ್ಸಾ ಹೊಲದ ಬದೂ ಮ್ಯಾಲೆ ಬೆಂಕಿ ಹಾಕೋರು. ಇಲ್ಲಿ ಪುಗಸಟ್ಟೆ ದೀಪ! ಸಿನಿಮಾ ಬುಟ್ಟು ಬೋಗುಣಿ ತಂದ್ರು, ನೀರಿಗೆ ಸೀಮೆಎಣ್ಣೆ ಬಿಟ್ಟು ಪರದೆ ಕೆಳ್ಗೆ ಸಾಲಾಗಿ ಇಟ್ರು. 'ರಂಗಣ್ಣ, ದೀಪ ಆರ್ಪಬ್ಯಾಡ' ಅಂತ ಕೂಗು. ರೀಲು ಮುಗುದ್ರೂ ಇವ್ರು ಬೆಳಕು ಬುಟ್ಕಂಡು ಮೈಕಲ್ಲಿ, 'ಮಹಾಜನಗಳೇ, ದೊಡ್ಡ ಹುಳಾನೂ ಬಂದು ಇದೇ ಬೋಗುಣಿಗೆ ಬಿದ್ವು' ಅಂದ್ರು. ರೈತ್ರು ಟೆಂಟಿನ ಓನರ್‌ಗೆ ಒಂದು ಮೂಟೆ ಕಡ್ಲೇಕಾಯಿ ಕೊಟ್ರು. ಓನರ್ರು ಸುಮ್ನೆ ದೀಪ ಉರಿಸ್ದೆ ಅಂತ ಇವ್ರಿಗೆ ಬೈಗುಳ ಕೊಟ್ರು."

ಭುವನಾ ನಗುತ್ತಲೇ ಮಗಳ ಕಡೆ ತಿರುಗಿದಳು. "ಕೇಳಿದ್ಯಾ ಪುಟ್ಟಿ? ಎಲ್ಲಾ ಸತ್ತುಹೋದ್ವಂತೆ."

ಮಿತ್ರಾ ಒಂದು ಪಾದ ಇಳಿಸಿದಳು. ಹೆಬ್ಬೆರಳು ನೆಲ ಮುಟ್ಟುವಷ್ಟರಲ್ಲಿ ಮತ್ತೆ ಮೇಲೆಳೆದುಕೊಂಡಳು. "ಅವು ಹೊಸಕೋಟೆ ಹುಳ. ನಮ್ಮೂರಿಗೆ ಬರೋವು ಬೇರೆ."

"ಅದೂ ದಿಟಾನೇ," ಎಂದರು ಸರಸಮ್ಮ. "ಊರಿಗೊಂದು ಕೊನೆ ಹೇಳೋರು ಇವ್ರು. ಶಿರಾದಲ್ಲಿ ಕೋಟೆ ಕಂದಕಕ್ಕೆ ಬೀಳಿಸಿದ್ರು, ಕೊರಟಗೆರೇಲಿ ಹೊಳೇಲಿ ಮುಳುಗ್ಸಿದ್ರು. ನಮ್ಮೂರಿಗೆ ಏನ್ಮಾಡ್ತಾರೋ ನಾ ಕಾಣೆ."

"ನಾನೇ ಹೇಳ್ತೀನಿ, ಈಗ..."

"ನೀನು ನೋಡೇ ಇಲ್ವಲ್ಲಮ್ಮ," ಎಂದಳು ಮಿತ್ರಾ. "ತಾತ ಹೇಳ್ಬೇಕು."

ಭುವನಾ ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿದಳು.

"ಮಾಡಮ್ಮ," ಎಂದರು ಸರಸಮ್ಮ ಸೊಪ್ಪು ಬಿಡಿಸುತ್ತ. "ಅವ್ರೂ ಅಲ್ಲಿ ಸರ್ಯಾಗಿ ಉಣ್ತಿಲ್ವಂತೆ."

ಮೂರನೆಯ ರಿಂಗಿಗೆ ಆ ಕಡೆಯಿಂದ "ಯಾರೂ?" ಎಂಬ ದನಿ ಬಂತು.

"ತಾತ, ನಾನು ಭುವನಾ. ಅವತ್ತು ನಾನು ಹಾಗೆ ಅನ್ನಬಾರದಿತ್ತು." ಅವಳು ಸ್ಪೀಕರ್ ಒತ್ತಿ ಫೋನನ್ನು ಕುರ್ಚಿಯ ಹತ್ತಿರ ಹಿಡಿದಳು. "ಮಿಡಿಗೇಶಿ ದಾಟಿದ ಮೇಲೆ ಏನಾಯ್ತು ತಾತ? ನೀವು ಹೇಳೋವರೆಗೂ ಇಲ್ಲೊಬ್ಬಳು ಕೆಳಗಿಳಿಯೋದಿಲ್ಲವಂತೆ."

ಆ ಕಡೆ ಒಂದು ಕೆಮ್ಮು.

"ಒಂದ್ನಿಮ್ಷ ಇರು ಕಣಮ್ಮ," ಎಂದರು ಚಿಕ್ಕರಂಗಯ್ಯ. "ಲೋಟ ತಕಂಡ್ ಬತ್ತೀನಿ."